ನಾಲ್ಕು ಸಂತೆಯ ಚಮನಬಿ

ಬೆಲ್ಲದ ಬಾಗೇವಾಡಿಯ ಚಮನಬಿಗೆ ಸಿಟ್ಟು ಬಂದರೆ ಬಾಯಿ ನಿಲ್ಲುತ್ತಿರಲಿಲ್ಲ, ಬಳೆ ಏರಿಸುವ ಕೈಯೂ ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷ ಬಳೆ ತೊಡಿಸಿದ ಕೈ ಅದು. ಕಳೆ ಕಿತ್ತು ದಡ್ಡುಗಟ್ಟಿದ ಅಂಗೈಯನ್ನೂ ಹಿಚುಕಿ ಹಿಚುಕಿ ಮೆತ್ತಗೆ ಮಾಡಿ, ತವರಿನ ಸುದ್ದಿ ಕೇಳುತ್ತ ಕೇಳುತ್ತ, ಆ ಹೆಂಗಸಿಗೆ ನೋವು ಗೊತ್ತಾಗುವ ಮೊದಲೇ ಡಜನ್ ಬಳೆ ಏರಿಸಿಬಿಡುವಳು. ‘ಬಳಿ ಇಡಸ್ಕೊಂಡ್ರ ಚಮನಬಿ ಕೈಲೆ ಇಡಸ್ಕೋಬೇಕು’ ಎಂದು ಮದುವೆ ಮನೆಯವರು ಕಾದು ಕೂರುತ್ತಿದ್ದರು.

ಗಂಡ ಮೈನೋದ್ದೀನ ತೀರಿಕೊಂಡಾಗ ಅವನ ಬಳೆಯ ಟ್ರಂಕಿನ ಜೊತೆ ಅವನ ಸಂತೆಗಳೂ ಅವಳ ಪಾಲಿಗೆ ಬಂದವು. ಹುಕ್ಕೇರಿ, ಗೋಕಾಕ, ಮೂಡಲಗಿ, ಮತ್ತೆ ತನ್ನೂರಿನದು. ವಾರದಲ್ಲಿ ನಾಲ್ಕು ದಿನ ಬಸ್ಸು, ನೆರಳಿಗೆ ಕಟ್ಟುವ ತಾಡಪತ್ರಿ, ಗಾಜಿನ ಸದ್ದು. ಎರಡು ದಿನ ಮಾಲು ತರುವುದು, ಜೋಡಿಸುವುದು. ಶುಕ್ರವಾರ ಮಾತ್ರ ಮನೆ.

ಥೈರಾಯ್ಡು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಏಳು ವರ್ಷದ ಹಿಂದೆ ಗೊತ್ತಾಯಿತು. ಅಂದಿನಿಂದ ನಸುಕಿನಲ್ಲಿ ಎದ್ದು ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಬೇಕು, ಮುಂದೆ ಒಂದು ತಾಸು ಚಹಾ ಮುಟ್ಟುವಂತಿಲ್ಲ. ಚಮನಬಿಯ ಮಟ್ಟಿಗೆ ಜಡ್ಡಿಗಿಂತ ಆ ಒಂದು ತಾಸೇ ದೊಡ್ಡ ಜಡ್ಡು. ಆದರೂ ಒಂದು ದಿನವೂ ತಪ್ಪಿಸಿದವಳಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವುದು ಅವಳ ಗುಣ. ಆ ಗುಣವೇ ಅವಳನ್ನು ಮುಳುಗಿಸಿತು.

ಈ ವರ್ಷ ಬೇಸಿಗೆಯ ಹೊತ್ತಿಗೆ ಮೊಣಕಾಲು, ಸೊಂಟ, ಬೆರಳಿನ ಗೆಣ್ಣು ಎಲ್ಲ ಹಿಡಿದುಕೊಂಡವು. ಹುಕ್ಕೇರಿಯ ಡಾಕ್ಟರರು ರಕ್ತ ತಪಾಸಣೆ ಮಾಡಿಸಿ, ‘ಡಿ ವಿಟಮಿನ್ ಭಾಳ ಕಡಿಮಿ ಐತಿ. ಬಿಸಿಲಿನಿಂದ ಬರೂದದು’ ಎಂದರು. ಚಮನಬಿಗೆ ನೆತ್ತಿಗೇರಿತು.

“ನಾಕ್ ಸಂತಿ ಬಿಸಿಲಾಗ ಕುಂತ ಬಾಳೇವು ಮಾಡಾಕಿ ನಾ! ನನಗ ಬಿಸಿಲ ಕಡಿಮಿ ಆಗೇತಂತ!” ಎಂದು ಮನೆಗೆ ಬಂದು ಸೊಸೆ ಅಫ್ರೀನಳ ಮುಂದೆ ಕೂಗಾಡಿದಳು.

“ಅಮ್ಮೀ, ಮ್ಯಾಲ ತಾಡಪತ್ರಿ, ಮೈ ತುಂಬ ಬುರ್ಖಾ. ಬಿಸಿಲು ನಿನ್ನ ಎಲ್ಲಿ ಮುಟ್ಟಬೇಕು?” ಎಂದಳು ಅಫ್ರೀನ. ಮಾತು ಖರೆ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಹುಕ್ಕೇರಿ ಸಂತೆಯ ದಿನ ಚೀಟಿ ಹಿಡಿದು ಅಶೋಕನ ಔಷಧಿ ಅಂಗಡಿಗೆ ಹೋದಳು. ಅವಳು ಬಳೆ ಹರವುವ ಜಾಗದಿಂದ ಹತ್ತು ಹೆಜ್ಜೆ ಆಚೆ ಆ ಅಂಗಡಿ. ಅಶೋಕ ಅವಳನ್ನು ವಾರಕ್ಕೊಮ್ಮೆ ಅಲ್ಲಿಯೇ ನೋಡುವವ. ಅವನು ಎರಡು ಸರಕು ತೆಗೆದು ಮುಂದಿಟ್ಟ. ಒಂದು ಬರೀ ಡಿ ಇರುವ ಪುಡಿ ಪಾಕೀಟು. ಇನ್ನೊಂದು ಡಿ ಜೊತೆ ಕೆ ವಿಟಮಿನ್ ಸೇರಿದ ಗುಳಿಗೆ.

“ಯಾವುದು ಕೊಡ್ಲಿ ಚಮನಕ್ಕಾ?”

“ನನ್ನ ಕೇಳ್ತೀರೇನ್ರಿ? ನಾ ಏನ್ ಡಾಕ್ಟರ್ ಕಲ್ತೇನ? ಥೈರಾಯ್ಡಿಗೆ ಯಾವುದು ಛಲೋ ಹೇಳ್ರಿ.”

“ಎರಡೂ ಛಲೋನ,” ಎಂದ ಅವನು. ಹಿಂದೆ ಆರು ಮಂದಿ ಚೀಟಿ ಚಾಚಿ ನಿಂತಿದ್ದರು.

ವಿಚಾರ ಮಾಡಿ ಬರುತ್ತೇನೆಂದು ಬರಿಗೈಯಲ್ಲಿ ಮನೆಗೆ ಹೋದಳು. ಅಫ್ರೀನ ಮೊಬೈಲು ತೆಗೆದಳು. ಅದರಲ್ಲಿ ಒಬ್ಬ, ಕೆ ಇಲ್ಲದೆ ಡಿ ತಗೊಂಡರೆ ಮೈಯ ಸುಣ್ಣದ ಅಂಶವೆಲ್ಲ ರಕ್ತನಾಳಕ್ಕೆ ಅಂಟುತ್ತದೆ ಎಂದ. ಇನ್ನೊಬ್ಬಳು, ಕೆ ತಗೊಂಡರೆ ರಕ್ತ ಗಟ್ಟಿಯಾಗುತ್ತದೆ ಎಂದಳು. ಮೂರನೆಯವನು ಥೈರಾಯ್ಡಿನವರು ಗಡ್ಡೆಕೋಸನ್ನು ನೋಡಲೂ ಬಾರದು ಎಂದು ಹೆದರಿಸಿದ. ಊರಿಗೊಬ್ಬ ವೈದ್ಯ ಇದ್ದ ಕಾಲ ಹೋಗಿ ಅಂಗೈಗೆ ನೂರು ಜನ ವೈದ್ಯರು ಬಂದಿದ್ದರು, ಒಬ್ಬನ ಮಾತು ಒಬ್ಬನಿಗೆ ತಾಳೆಯಾಗುತ್ತಿರಲಿಲ್ಲ.

“ಬಂದ ಮಾಡ ಆ ಡಬ್ಬಿ!” ಎಂದಳು ಚಮನಬಿ.

ಮುಂದಿನ ವಾರ ಅಶೋಕನ ಮುಂದೆ ಹೋಗಿ, “ಬರೇ ಡಿ ಇದ್ದದ್ದ ಕೊಡ್ರಿ. ಡಾಕ್ಟರು ಅದನ್ನ ಬರದಾರ, ಅದಾ ಸಾಕು,” ಎಂದಳು. ನಿಜ ಹೇಳಬೇಕೆಂದರೆ ಅವಳ ಆಯ್ಕೆ ಸರಿಯಿತ್ತು. ತಪ್ಪಾದದ್ದು ಮುಂದಿನ ಒಂದು ಮಾತಿನಲ್ಲಿ.

“ಹಾಲಿನ್ಯಾಗ ಕಲಸಿ ಕುಡೀರಿ,” ಎಂದ ಅಶೋಕ. “ಸಂತಿ ದಿನಕ್ಕೊಂದು. ನೆನಪಿರತೈತಿ.”

ಅಶೋಕನದೂ ತಪ್ಪೆನ್ನಲಾಗದು. ಸುತ್ತ ಹಳ್ಳಿಯ ಒಕ್ಕಲುತನದವರಿಗೆಲ್ಲ ಅವನು ಹಾಗೆಯೇ ಹೇಳುತ್ತಿದ್ದ. ಅವರು ಹೋಗುವುದು ಒಂದೇ ಸಂತೆಗೆ, ವಾರವೆಂದರೆ ಆ ಸಂತೆಯಿಂದ ಅದರ ಮುಂದಿನ ಸಂತೆ. ಚಮನಬಿಗೆ ಸಂತೆಯೆಂದರೆ ನಾಳೆ, ಇಲ್ಲವೆ ನಾಡಿದ್ದು.

ಅವಳು ಹೇಳಿದಂತೆ ಮಾಡಿದಳು. ಹುಕ್ಕೇರಿ ಸಂತೆಗೆ ಹೊರಡುವ ಮುಂದೆ ಒಂದು ಪಾಕೀಟು, ಗೋಕಾಕಕ್ಕೆ ಒಂದು, ಮೂಡಲಗಿಗೆ ಒಂದು, ತನ್ನೂರಿನ ಸಂತೆಗೂ ಒಂದು. ಮುಗಿದರೆ ಆ ದಿನ ಯಾವ ಊರಲ್ಲಿದ್ದಳೋ ಅಲ್ಲಿಯ ಅಂಗಡಿಯಲ್ಲೇ ಖಾಲಿ ಪಾಕೀಟು ತೋರಿಸಿ ಕೊಳ್ಳುವಳು. ಒಂದೊಂದು ಊರಿನ ಅಂಗಡಿಯವರೂ ತಮ್ಮ ಪಾಲಿನಷ್ಟೇ ಕೊಟ್ಟರು, ಒಟ್ಟು ಎಷ್ಟಾಯಿತೆಂದು ಯಾರಿಗೂ ಕಾಣಲಿಲ್ಲ. ಹೀಗೆ ಮೂರು ತಿಂಗಳು ನಡೆಯಿತು.

ಮೊದಲು ಬಾಯಾರಿಕೆ ಶುರುವಾಯಿತು. ತಂಬಿಗೆಗಟ್ಟಲೆ ನೀರು ಕುಡಿದರೂ ನಾಲಗೆ ಒಣಗುವುದು, ಮತ್ತೆ ಸಂತೆಯಲ್ಲಿ ಕೂತವಳಿಗೆ ತಾಸಿಗೊಮ್ಮೆ ಮೂತ್ರಕ್ಕೆ ಜಾಗ ಎಲ್ಲಿ? ಆಮೇಲೆ ಮಲಬದ್ಧತೆ, ವಾಂತಿ. ಥೈರಾಯ್ಡಿನ ಜಡ್ಡೇ ಹೆಚ್ಚಾಗಿರಬೇಕೆಂದು ತಿಳಿದು ನಸುಕಿನ ಗುಳಿಗೆಯನ್ನು ಇನ್ನಷ್ಟು ಶಿಸ್ತಿನಿಂದ ನುಂಗಿದಳು. ಪಾಕೀಟನ್ನೂ ಬಿಡಲಿಲ್ಲ. ಶಕ್ತಿ ಬರಲಿ ಎಂದೇ ಅಲ್ಲವೆ ಅದು?

ಮೂಡಲಗಿ ಸಂತೆಯಲ್ಲಿ ಮದುಮಗಳೊಬ್ಬಳು ಹಸಿರು ಬಳೆ ಇಡಿಸಿಕೊಳ್ಳಲು ತಾಯಿಯ ಜೊತೆ ಬಂದಳು. ಎಳೆಯ ಕೈ, ಬೆಣ್ಣೆಯಂತಿತ್ತು. ಕಣ್ಣು ಮುಚ್ಚಿ ಏರಿಸಬಹುದಾದ ಕೈ. ಎರಡನೆಯ ಬಳೆಗೇ ಚಮನಬಿಯ ಬೆರಳು ಸೋತು ಹಿಡಿತ ತಪ್ಪಿತು, ಬಳೆ ಚಟ್ಟೆಂದಿತು. ಇನ್ನೊಂದು. ಮತ್ತೊಂದು. ಹುಡುಗಿಯ ಮುಂಗೈಯಲ್ಲಿ ರಕ್ತ ಜಿನುಗಿತು. ಬಳೆ ಒಡೆಯಿತು ಎಂದರೆ ಅಪಶಕುನ, ‘ಹೆಚ್ಚಿತು’ ಎನ್ನಬೇಕು. ಚಮನಬಿ ಹಾಗೆಯೇ ಅಂದಳು. ತಾಯಿ ಮಗಳನ್ನು ಎಬ್ಬಿಸಿಕೊಂಡು ಬಾಜೂಕಿನ ಬಳೆಯವನ ಮುಂದೆ ಕೂರಿಸಿದಳು.

ಚಮನಬಿ ಆ ಹೊತ್ತೇ ಟ್ರಂಕು ಮುಚ್ಚಿದಳು. ಬಸ್ಸಿನಲ್ಲಿ ಅರಭಾವಿ ದಾಟುವವರೆಗೂ ತನ್ನ ಕೈಯನ್ನೇ ನೋಡುತ್ತ ಕೂತಿದ್ದಳು. ಆ ಕೈ ಹೋದರೆ ತಾನು ಯಾರು ಎಂಬುದು ಅವಳಿಗೆ ಹೊಳೆಯಲಿಲ್ಲ. ಗೋಕಾಕದಲ್ಲಿ ಇಳಿಯುವಾಗ ತಲೆ ಸುತ್ತಿತು, ಯಾರೋ ಆಟೋದಲ್ಲಿ ಕೂರಿಸಿ ದವಾಖಾನೆಗೆ ಸೇರಿಸಿದರು.

ಅಲ್ಲಿಯ ಡಾಕ್ಟರು ಮೇಘಾ, ವಯಸ್ಸಿನಲ್ಲಿ ಸಣ್ಣವರು. ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. “ರಕ್ತದಾಗ ಕ್ಯಾಲ್ಸಿಯಂ, ಅಂದ್ರ ಸುಣ್ಣದ ಅಂಶ, ವಿಪರೀತ ಏರೇತಿ. ಡಿ ವಿಟಮಿನ್ ತಗೋತೀರೇನು? ಹ್ಯಾಂಗ ತಗೋತಿದ್ರಿ?”

“ಹೇಳಿದಾಂಗ್ರಿ. ಸಂತಿ ದಿನಕ್ಕೊಂದು.”

“ಸರಿ ಐತಲ್ಲ,” ಎಂದ ಡಾಕ್ಟರು ಮತ್ತೊಮ್ಮೆ ವರದಿ ನೋಡಿದರು. ಆಮೇಲೆ ಮಂಚದ ಕೆಳಗಿದ್ದ ಬಳೆಯ ಟ್ರಂಕಿನ ಕಡೆ ಕಣ್ಣು ಹೋಯಿತು. “ನೀವು ಎಷ್ಟ ಸಂತಿ ಮಾಡ್ತೀರಿ?”

“ನಾಕು.”

ಡಾಕ್ಟರು ವರದಿ ಕೆಳಗಿಟ್ಟರು. “ಅಮ್ಮಾ, ಅದು ವಾರಕ್ಕ ಒಂದಾ ತಗೋಳೂದು. ಕೇಳಬಾರದಾ ಒಂದ ಮಾತು?”

ಅಲ್ಲಿ ಚಮನಬಿಯ ಕಟ್ಟೆ ಒಡೆಯಿತು. “ನಾ ಕೇಳಬೇಕೇನ್ರಿ? ಡಿ ಏನು, ಕೆ ಏನು ಅಂತ ಕೇಳಿ ಕೇಳಿ ನನ್ನ ಬಾಯಿ ಬಿತ್ತು. ಕೋಸು ತಿನಬ್ಯಾಡ ಅಂದ್ರು, ಬಿಸಿಲಾಗ ಕೂಡು ಅಂದ್ರು, ಎಲ್ಲಾ ಹೇಳಾವ್ರಾ. ನೀ ಏನ್ ಕೆಲಸ ಮಾಡ್ತಿ ಅಂತ ಒಬ್ಬರರೆ ಕೇಳಿದ್ರೇನ್ರಿ? ನನ್ನ ಕೈ ಹೋತಲ್ರಿ!” ಎಂದು ಸಲೈನ್ ಹಚ್ಚಿದ ಕೈ ಎತ್ತಿ ತೋರಿಸಿ ಅತ್ತಳು.

ಮೇಘಾ ಕುರ್ಚಿ ಎಳೆದುಕೊಂಡು ಕೂತರು. ಕೈ ಹೋಗಿಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕು ಎಂದರು. ಪಾಕೀಟು ಪೂರಾ ಬಂದ್, ತಾವು ಹೇಳುವವರೆಗೂ ಮುಟ್ಟಬಾರದು. ಥೈರಾಯ್ಡಿನ ಗುಳಿಗೆ ಮಾತ್ರ ಮೊದಲಿನಂತೆಯೇ. ಕೆ ಬೇಕೆಂದು ಕೊಳ್ಳುವುದೇ ಬೇಡ, ಮೆಂತ್ಯೆ, ರಾಜಗಿರಿ ಪಲ್ಯದಲ್ಲಿ ಅದು ಸಿಗುತ್ತದೆ. ರಕ್ತ ತೆಳ್ಳಗಾಗುವ ಗುಳಿಗೆ ತಿನ್ನುವವರು ಮಾತ್ರ ಅದಕ್ಕೆ ಹೆದರಬೇಕು. ಬೇಯಿಸಿದ ಕೋಸನ್ನು ಅಷ್ಟಿಷ್ಟು ತಿಂದರೆ ಏನೂ ಆಗದು. ಎಲ್ಲ ಹತ್ತು ನಿಮಿಷದ ಮಾತು. ಈ ಹತ್ತು ನಿಮಿಷ ಮೊದಲೇ ಯಾಕೆ ಯಾರಲ್ಲೂ ಇರಲಿಲ್ಲ ಎಂದು ಚಮನಬಿಗೆ ಹೊಟ್ಟೆ ಉರಿಯಿತು.

ಎರಡು ತಿಂಗಳ ಮೇಲೆ ಹುಕ್ಕೇರಿ ಸಂತೆಗೆ ಹೋದಳು. ಅವಳ ಜಾಗವನ್ನು ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಮುದಕವ್ವ ತನ್ನ ಚೀಲ ಹಾಸಿ ಕಾದಿಟ್ಟಿದ್ದಳು. ಚೀಲ ಎಳೆದು, “ಮೊದಲ ನನಗ ಇಡಸು,” ಎಂದು ಒಣಕೈ ಚಾಚಿದಳು. ಚಮನಬಿ ಉಸಿರು ಹಿಡಿದು ಏರಿಸುತ್ತ ಹೋದಳು. ಹನ್ನೊಂದು ಹೋದವು. ಹನ್ನೆರಡನೆಯದು ಚಟ್ಟೆಂದಿತು.

“ಹೆಚ್ಚಿತು ಬಿಡಬೇ,” ಎಂದಳು ಮುದಕವ್ವ. “ಇನ್ನೊಂದ ತಗಿ.”

ಇನ್ನೊಂದು ಏರಿತು. ಚಮನಬಿ ಕಣ್ಣೊರೆಸಿಕೊಂಡು ಎದ್ದಳು. ಅಶೋಕನಿಗೆ ಅನ್ನಬೇಕಾದ ಬೈಗುಳಗಳು ಎರಡು ತಿಂಗಳಿಂದ ಬಾಯಲ್ಲಿ ಹಣ್ಣಾಗಿದ್ದವು, ಒಂದೂ ಬಿಡದೆ ಅನ್ನುವುದೆಂದೇ ಅಂಗಡಿಯ ಮೆಟ್ಟಿಲೇರಿದಳು. ಅವನು ತನ್ನ ಮುಂದೆ ಬೆಳ್ಳುಳ್ಳಿ ಬುಟ್ಟಿ ಇಳಿಸಿ ನಿಂತಿದ್ದ ಹೆಂಗಸೊಬ್ಬಳಿಗೆ ಅದೇ ಪಾಕೀಟು ಕೊಡುತ್ತಿದ್ದ.

“ಹಾಲಿನ್ಯಾಗ ಕಲಸಿ ಕುಡಿ ಯವ್ವಾ. ಸಂತಿ ದಿನಕ್ಕೊಂದು. ನೆನಪಿರತೈತಿ.”

ಚಮನಬಿಯ ಬಾಯಲ್ಲಿದ್ದ ಬೈಗುಳಗಳೆಲ್ಲ ಎಲ್ಲಿಗೋ ಹೋದವು. ಆ ಹೆಂಗಸಿನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಯವ್ವಾ, ನೀ ವಾರಕ್ಕ ಎಷ್ಟ ಸಂತಿ ಮಾಡ್ತಿ?”

“ಐದು. ಯಾಕಬೇ?”

“ನನ್ನವು ನಾಕ್ ಇದ್ದವು,” ಎಂದಳು ಚಮನಬಿ, ಅಶೋಕನ ಮುಖವನ್ನೇ ನೋಡುತ್ತ. “ಮೂರ ತಿಂಗಳ ಕುಡದೆ. ಗೋಕಾಕದಾಗ ಸಲೈನ್ ಹಚ್ಚಿಸ್ಕೊಂಡ ಬಂದೇನಿ.”

ಅಶೋಕ ಬೆಳ್ಳಗಾದ. ಹಿಂದೆ ನಿಂತವರು ಚೀಟಿ ಚಾಚುತ್ತಲೇ ಇದ್ದರು, ಅವನು ನೋಡಲಿಲ್ಲ. ಆ ಹೆಂಗಸಿನ ಕೈಯಿಂದ ಪಾಕೀಟು ತಿರುಗಿ ಇಸಿದುಕೊಂಡು, ಅದರ ಮೇಲೆ ವಾರ ಬರೆಯಲು ಕಿವಿಯ ಮೇಲಿನ ಪೆನ್ನು ತೆಗೆದ.

“ನೀ ಸಂತಿಗೆ ಹೋಗದ ದಿನ ಯಾವುದು ಯವ್ವಾ?” ಎಂದು ಕೇಳಿದ.