ಚಾವಡಿಗೆ ಹೋದ ಕನ್ನಡಿ ಹಂಚು

ನಾನು ಚಿಕ್ಕವನಿದ್ದಾಗ ನಮ್ಮ ಅಡುಗೆ ಕೋಣೆಯೊಳಗೆ ಹಗಲು ಬರುತ್ತಿರಲಿಲ್ಲ. ಹೊರಗೆ ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಒಲೆಯ ಬೆಂಕಿಯೊಂದೇ ಬೆಳಕು. ಕಿಟಕಿ ಇರಲಿಲ್ಲವೆಂದಲ್ಲ, ಇತ್ತು. ಅದನ್ನು ತೆರೆದರೆ ಕಾಣುತ್ತಿದ್ದದ್ದು ದನದ ಹಟ್ಟಿಯ ಗೋಡೆ. ಮಕ್ಕಳೇ, ಸ್ವಿಚ್ ಒತ್ತಿದರೆ ಬೆಳಕು ಬರುತ್ತದೆ ಎಂದು ತಿಳಿದವರು ನೀವು. ಆ ಕತ್ತಲೆಯನ್ನು ನಿಮಗೆ ಹೇಗೆ ವಿವರಿಸಲಿ? ಸರಿಯಾಗಿ ಒಣಗದ ತೆಂಗಿನ ಮಡಲಿನ ಹೊಗೆ, ಗೋಡೆಗೆ ಅಂಟಿದ ಮಸಿ, ಬೇಯುತ್ತಿರುವ ಕುಚ್ಚಲಕ್ಕಿಯ ವಾಸನೆ, ಅದರ ಮಧ್ಯೆ ಎಲ್ಲೋ ಒಂದು ಕೆಮ್ಮು. ಅಕ್ಕ ಒಳಗಿದ್ದಾಳೆ ಎಂದು ನಮಗೆ ಗೊತ್ತಾಗುತ್ತಿದ್ದದ್ದು ಆ ಕೆಮ್ಮಿನಿಂದ.

ಅಮ್ಮನಿಗೆ ದಮ್ಮಿನ ಕಾಯಿಲೆ. ಹೊಗೆ ಮೂಗಿಗೆ ಬಡಿದರೆ ಸಾಕು, ಉಸಿರು ಸಿಕ್ಕದೆ ಗೋಡೆಗೆ ಒರಗಿ ಕುಳಿತುಬಿಡುತ್ತಿದ್ದಳು. ಹಾಗಾಗಿ ಆಡುವ ವಯಸ್ಸಿನಲ್ಲೇ ಒಲೆ ಅಕ್ಕನ ಪಾಲಿಗೆ ಬಂತು. ಬೆಳಗ್ಗೆ ಎದ್ದು ಗಂಜಿ ಬೇಯಿಸಿ, ತೆಂಗಿನಕಾಯಿಯನ್ನು ಅರೆಯುವ ಕಲ್ಲಿನಲ್ಲಿ ಕಡೆದು, ನಮಗೆಲ್ಲ ಬಡಿಸಿ ಶಾಲೆಗೆ ಓಡುತ್ತಿದ್ದಳು. ಸಂಜೆ ಬಂದವಳೇ ಚೀಲ ಮೂಲೆಗಿಟ್ಟು ಮತ್ತೆ ಒಲೆಯ ಮುಂದೆ. ರಾತ್ರಿ ಓದೋಣವೆಂದರೆ ಮನೆಗೆ ಇದ್ದದ್ದು ಒಂದೇ ಒಳ್ಳೆಯ ದೀಪ, ಅದು ಮನೆಯ ಮುಂಭಾಗದಲ್ಲಿ ಬಂದವರು ಕೂರುವ ಚಾವಡಿಯಲ್ಲಿ, ಅಪ್ಪನ ಮುಂದೆ. ಆದ್ದರಿಂದ ಅವಳು ಒಲೆಯ ಬಾಯಿಗೆ ಪುಸ್ತಕ ಹಿಡಿದು ಓದುತ್ತಿದ್ದಳು. ಅವಳ ಗಣಿತದ ಪುಸ್ತಕ ತೆರೆದರೆ ಒಗ್ಗರಣೆಯ ವಾಸನೆ ಬರುತ್ತಿತ್ತು, ಕೆಲವು ಹಾಳೆಗಳ ಅಂಚು ಸುಟ್ಟು ಕಂದಾಗಿತ್ತು.

ಮುಂದಿನ ವರ್ಷ ಅವಳಿಗೆ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ. ಆ ಕಾಲದಲ್ಲಿ ಅದು ದೊಡ್ಡ ಹೊಳೆ ದಾಟಿದ ಹಾಗೆ. ಅಪ್ಪ ಮೊದಲೇ ಹೇಳಿದ್ದರು, "ಪಾಸಾದರೆ ಹೈಸ್ಕೂಲಿಗೆ ಕಳಿಸುವ. ಫೇಲಾದರೆ ಮನೆಯಲ್ಲೇ ಇರ್ಬೇಕು, ಮತ್ತೆ ಅಳ್ಲಿಕ್ಕಿಲ್ಲ." ಅಕ್ಕನಿಗೆ ಟೀಚರ್ ಆಗಬೇಕೆಂದು ಆಸೆ. ಬೇರೇನೂ ಬೇಡದ ಹುಡುಗಿ ಒಂದು ದಿನ ಧೈರ್ಯ ಮಾಡಿ ಅಪ್ಪನ ಹತ್ತಿರ ಕೇಳಿಯೇಬಿಟ್ಟಳು: ಅಡುಗೆ ಕೋಣೆಗೆ ಒಂದು ಕನ್ನಡಿ ಹಂಚು ಬೇಕು.

ಕನ್ನಡಿ ಹಂಚು ಎಂದರೆ ಮುಖ ನೋಡುವ ಕನ್ನಡಿಯಲ್ಲ. ಹಂಚಿನದೇ ಆಕಾರ, ಆದರೆ ಗಾಜಿನದು. ಮಾಡಿನ, ಅಂದರೆ ಛಾವಣಿಯ, ಒಂದು ಮಣ್ಣಿನ ಹಂಚು ತೆಗೆದು ಅಲ್ಲಿ ಇದನ್ನು ಕೂರಿಸಿದರೆ ಸಾಕು, ಬೆಳಕು ನೆಟ್ಟಗೆ ಒಳಗೆ ಇಳಿಯುತ್ತದೆ. "ಹಿಟ್ಟು ಕಡೆಯುವಾಗ ಪುಸ್ತಕ ಎದುರಿಗೆ ಇಟ್ಟರೆ ಓದ್ಲಿಕ್ಕೆ ಆಗ್ತದೆ ಅಪ್ಪ," ಎಂದಳು. ಅಪ್ಪ ಅಂದು ಒಳ್ಳೆಯ ಮನಸ್ಸಿನಲ್ಲಿದ್ದರು. "ಅದಕ್ಕೇನು, ತರುವ," ಎಂದರು. ಅಕ್ಕನ ಮುಖ ನೋಡಬೇಕಿತ್ತು ನೀವು.

ಮಳೆಗಾಲಕ್ಕೆ ಸ್ವಲ್ಪ ಮುಂಚಿನ ದಿನ. ಒಡೆದ ಹಂಚು ಬದಲಿಸಲು ಕೆಲಸದವನೊಬ್ಬ ಮಾಡಿನ ಮೇಲೆ ಹತ್ತಿದ್ದ. ಅಂದೇ ಅಪ್ಪ, ಅಕ್ಕ ಮತ್ತು ನಾನು ಬೆಳಗ್ಗಿನ ಬಸ್ಸು ಹಿಡಿದು ಪೊಳಲಿಯ ಕಡೆಯ ನಮ್ಮ ಊರಿನಿಂದ ಬಂಟ್ವಾಳ ಪೇಟೆಗೆ ಹೊರಟೆವು. ಪೇಟೆಯಲ್ಲಿ ಬೆಲ್ಲ, ಒಣಮೀನು, ಹೊಸ ಹಗ್ಗ ಎಲ್ಲದರ ವಾಸನೆ ಒಟ್ಟಿಗೆ. ಹಿಂದಿನ ವರ್ಷದ ನೆರೆ ಬಿಟ್ಟುಹೋದ ಕೆಸರಿನ ಗೆರೆ ಅಂಗಡಿಗಳ ಗೋಡೆಯ ಮೇಲೆ ಇನ್ನೂ ಇತ್ತು. ಹಂಚು, ಸಿಮೆಂಟು, ಮೊಳೆ ಮಾರುವ ಅಂಗಡಿ ನದಿಯ ಬದಿಗೆ. ಒಳಗೆ ಹೋದ ಕೂಡಲೇ ಅಕ್ಕ ತನ್ನ ಶಾಲೆಯ ಚೀಲದಿಂದ ಒಂದು ಒಡೆದ ಹಂಚಿನ ದೊಡ್ಡ ಚೂರು ತೆಗೆದು ಮೇಜಿನ ಮೇಲಿಟ್ಟಳು.

"ಇದೆಂಥ ಮಗಾ, ಒಡೆದ ಹಂಚು ಮಾರ್ಲಿಕ್ಕೆ ತಂದದ್ದಾ?" ಎಂದು ಅಂಗಡಿಯವರು ನಕ್ಕರು.

"ನಮ್ಮ ಮಾಡಿನದ್ದು. ಇದರ ಚಡಿಗೆ ಸರಿಯಾಗಿ ಕೂತ್ಕೊಳ್ಳುವ ಕನ್ನಡಿ ಹಂಚೇ ಬೇಕು. ಇಲ್ಲದಿದ್ದರೆ ಮಳೆಗೆ ಸೋರ್ತದೆ."

"ಅಬ್ಬಬ್ಬಾ! ನಿಮ್ಮ ಮಗಳು ಭಾರೀ ಜೋರುಂಟು ಮಾರಾಯ್ರೇ," ಎಂದು ಅವರು ಅಪ್ಪನ ಕಡೆ ತಿರುಗಿದರು. ಅಪ್ಪನೂ ಹಿಗ್ಗಿದರು.

ಇದನ್ನು ನೀವು ದೊಡ್ಡವರಾದ ಮೇಲೂ ನೆನಪಿಟ್ಟುಕೊಳ್ಳಿ. ಮನೆಗೆ ಬೇಕಾದ ಸಾಮಾನು ತರಲು ಹೋಗುವಾಗ ಮನೆಯದೇ ಒಂದು ತುಂಡು ಕೈಯಲ್ಲಿರಲಿ. "ಎಲ್ಲ ಒಂದೇ ಅಳತೆ, ಕೊಂಡುಹೋಗಿ" ಎಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಒಂದೊಂದು ಕಾರ್ಖಾನೆಯ ಹಂಚಿಗೆ ಒಂದೊಂದು ಅಚ್ಚು. ನಮ್ಮ ಅಚ್ಚಿಗೆ ಹೊಂದುವ ಕನ್ನಡಿ ಹಂಚು ಅಂಗಡಿಯಲ್ಲಿ ಒಂದೇ ಉಳಿದಿತ್ತು. ಅಕ್ಕ ಅದನ್ನು ಬಾಗಿಲಿಗೆ ತಂದು ಆಕಾಶಕ್ಕೆ ಹಿಡಿದು ಬಿರುಕುಂಟೋ ಎಂದು ನೋಡಿದಳು, ಬೆರಳ ಗಂಟಿನಿಂದ ತಟ್ಟಿ ಸದ್ದು ಕೇಳಿದಳು. ಅಷ್ಟು ಹೊತ್ತಿನಲ್ಲಿ ಅಂಗಡಿಯವರು ಅಪ್ಪನಿಗೆ ಊರಿನ ಹೊಸ ಫ್ಯಾಶನ್ ಹೇಳುತ್ತಿದ್ದರು.

"ಈಗ ಎಲ್ಲರೂ ಚಾವಡಿಗೇ ಹಾಕಿಸುವುದು. ಬಂದವರು ಕೂತ್ಕೊಂಡಲ್ಲಿಗೆ ಬೆಳಕು ಬೀಳ್ಬೇಕು. ಮನೆಯ ಗತ್ತೇ ಬೇರೆ ಆಗ್ತದೆ."

ಅಪ್ಪ ಹಣ ಎಣಿಸಿ ಕೊಟ್ಟು ಹಂಚು ಕಟ್ಟಿಸಿಕೊಂಡರು. ಆದರೆ ಹಿಂದಿರುಗುವಾಗ ಬಸ್ಸಿನಲ್ಲಿ ಯೋಚನೆಯಲ್ಲಿದ್ದರು. ಅಕ್ಕ ಬೈಹುಲ್ಲು ಸುತ್ತಿದ ಹಂಚನ್ನು ಮಡಿಲಲ್ಲಿ ಮಲಗಿಸಿಕೊಂಡು, ಬಸ್ಸು ಹೊಂಡಕ್ಕೆ ಬಿದ್ದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದಳು.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಊರಿನಲ್ಲಿ ಯಾರ ಬೇಲಿಯ ಜಗಳವಿದ್ದರೂ, ಯಾರ ನೀರಿನ ತಕರಾರಿದ್ದರೂ ತೀರ್ಮಾನ ನಮ್ಮ ಚಾವಡಿಯಲ್ಲಿ. ಅಪ್ಪ ನ್ಯಾಯವಂತರು ಎಂದು ಎಲ್ಲರೂ ನಂಬಿದ್ದರು. ಆಚೆಮನೆಯವರು ಆ ವರ್ಷ ಚಾವಡಿಗೆ ಕೆಂಪು ನೆಲ ಮಾಡಿಸಿ, ಅದಕ್ಕೆ ಕಪ್ಪು ಅಂಚು ಹಾಕಿಸಿದ್ದರು. ಬಂದವರೆಲ್ಲ ಅದನ್ನು ಹೊಗಳಿ ಹೊಗಳಿ ಅಪ್ಪನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಆ ಮಲ್ಲಿಗೆಯ ಆಸೆ ಒಳ್ಳೆಯವರನ್ನೂ ಬಿಡುವುದಿಲ್ಲ.

ಮನೆಗೆ ಬಂದವಳೇ ಅಕ್ಕ ಊಟವನ್ನೂ ಮಾಡದೆ ಕಾಯಿ ಕೀಳುವ ಉದ್ದದ ದೋಟಿ ಹಿಡಿದುಕೊಂಡು ಅಡುಗೆ ಕೋಣೆಗೆ ನುಗ್ಗಿದಳು. ಕಡೆಯುವ ಕಲ್ಲಿನ ನೇರಕ್ಕೆ ನಿಂತು ಒಳಗಿನಿಂದ ಹಂಚನ್ನು ತಿವಿದು, "ಇಲ್ಲಿ! ಇದೇ ಇದು!" ಎಂದು ಕೂಗಿದಳು. ಮೇಲಿದ್ದವನು ಆ ಹಂಚನ್ನು ಸರಿಸಿದ.

ಧೊಪ್ಪನೆ ಬೆಳಕು ಬಿತ್ತು. ನಾನು ಹುಟ್ಟಿದ ಮೇಲೆ ಮೊದಲ ಸಲ ನಮ್ಮ ಅಡುಗೆ ಕೋಣೆಯನ್ನು ನೋಡಿದೆ. ಮಾಡಿನಿಂದ ಮಸಿಯ ಎಳೆಗಳು ನೇತಾಡುತ್ತಿದ್ದವು. ಬೆಳಕಿನಲ್ಲಿ ಹೊಗೆ ಮೆಲ್ಲಗೆ ಸುತ್ತುತ್ತಿತ್ತು. ಕಡೆಯುವ ಕಲ್ಲಿನ ಗುಂಡಿಯಲ್ಲಿ ಉಳಿದಿದ್ದ ನೀರು ಹೊಳೆಯುತ್ತಿತ್ತು. ಅಕ್ಕ ತನ್ನ ಎರಡೂ ಕೈಗಳನ್ನು ಆ ಬೆಳಕಿಗೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಓಡಿಹೋಗಿ ಪುಸ್ತಕ ತಂದು ಕಲ್ಲಿನ ಎದುರಿಗೆ ಇಟ್ಟು, "ನೋಡು, ಅಕ್ಷರ ಕಾಣ್ತದೆ!" ಎಂದು ನನ್ನನ್ನು ಕರೆದು ತೋರಿಸಿದಳು.

ಅಷ್ಟರಲ್ಲಿ ಅಂಗಳದಿಂದ ಅಪ್ಪನ ಧ್ವನಿ ಬಂತು. "ಅಲ್ಲಿ ಬೇಡ. ಆ ಹಂಚು ಅಲ್ಲೇ ಮುಚ್ಚು. ಕನ್ನಡಿಯದ್ದನ್ನು ಚಾವಡಿಗೆ ಹಾಕು."

ಅಕ್ಕ ಹೊರಗೆ ಬಂದಳು. "ಅಪ್ಪ, ಅದು ಅಡುಗೆ ಕೋಣೆಗೆ ತಂದದ್ದಲ್ವಾ?"

"ಅಡುಗೆ ಕೋಣೆಗೆ ಹಾಕಿದರೆ ಎರಡೇ ತಿಂಗಳಲ್ಲಿ ಹೊಗೆ ಹಿಡಿದು ಕಪ್ಪಾಗ್ತದೆ. ಒಳ್ಳೆ ಸಾಮಾನು ದಂಡ. ಅಲ್ಲಿ ಯಾರು ನೋಡ್ಲಿಕ್ಕೆ ಉಂಟು?"

"ನಾನು ಉಂಟಲ್ಲ ಅಪ್ಪ," ಎಂದಳು ಅಕ್ಕ. "ಕಪ್ಪಾಗ್ಲಿಕ್ಕೆ ಬಿಡುವುದಿಲ್ಲ. ಏಣಿ ಇಟ್ಟು ನಾನೇ ಒರೆಸ್ತೇನೆ."

"ಹೆಣ್ಣುಮಕ್ಕಳು ಮಾಡು ಹತ್ತುವುದಾ? ಸುಮ್ಮನಿರು ನೀನು. ನಿನಗೆ ಮುಂದಿನ ಸಲ ಹೋದಾಗ ತರುವ."

ಒಳಗಿನಿಂದ ಅಮ್ಮ ಏನೋ ಹೇಳಹೊರಟಳು. ದಮ್ಮು ಅವಳಿಗೆ ಮಾತು ಮುಗಿಸಲು ಬಿಡಲಿಲ್ಲ. ಅಕ್ಕ ಒಂದು ಕ್ಷಣ ಅಪ್ಪನ ಮುಖ ನೋಡಿದಳು. "ಆಯ್ತಪ್ಪ" ಎಂದಳು. ಮಾಡಿನ ಮೇಲಿದ್ದವನು ಮಣ್ಣಿನ ಹಂಚನ್ನು ಹಳೆಯ ಜಾಗಕ್ಕೆ ಎಳೆದ. ನಾನು ಒಳಗೆ ಇಣುಕಿದರೆ ಮತ್ತೆ ಒಲೆಯ ಬೆಂಕಿ ಮಾತ್ರ ಕಾಣುತ್ತಿತ್ತು.

ಚಾವಡಿ ಚಂದವಾಯಿತು, ಸುಳ್ಳು ಹೇಳಬಾರದು. ಬಂದವರು ಮೇಲೆ ನೋಡಿ, "ಓ, ಕನ್ನಡಿ ಹಂಚು ಹಾಕಿಸಿದ್ದೀರಾ!" ಎನ್ನುವುದು, ಅಪ್ಪ "ಹೀಗೇ, ಸುಮ್ಮನೆ" ಎನ್ನುವುದು. ಅಪ್ಪನಿಗೆ ಅದರ ರುಚಿ ಹತ್ತಿತು. ಮುಂದಿನ ಸಲ ಪೇಟೆಗೆ ಹೋದವರು ಗಿಳಿಯ ಚಿತ್ರವಿದ್ದ ದೊಡ್ಡ ಕನ್ನಡಿ ತಂದರು, ಅದರ ಮುಂದಿನ ಸಲ ಕೈಯಿರುವ ಬೆತ್ತದ ಕುರ್ಚಿ. ಆಮೇಲೆ ಚಾವಡಿಯ ಗೋಡೆಗೆ ನವಿಲು ಬಣ್ಣ. ಅಂಗಡಿಯಲ್ಲಿ ಚಂದ ಕಂಡ ಬಣ್ಣ ಮನೆಯ ಗೋಡೆಗೆ ಹಚ್ಚಿದ ಮೇಲೆ ಕಪ್ಪುಗಟ್ಟಿದ ಹಾಗೆ ಕಂಡಿತು, ಅದು ಬೇರೆ ಮಾತು. ಪ್ರತಿ ಸಲವೂ ಅಕ್ಕ ಬಾಗಿಲಿಗೆ ಬಂದು ಅಪ್ಪನ ಕೈ ನೋಡುತ್ತಿದ್ದಳು. "ಅಯ್ಯೋ, ಮರೆತೇ ಹೋಯ್ತು ಮಾರಾಯ್ತಿ. ಮುಂದಿನ ಸಲ ಖಂಡಿತ," ಎನ್ನುತ್ತಿದ್ದರು ಅಪ್ಪ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಆ ಬಾಗಿಲು ನೆನಪಾಗುತ್ತದೆ.

ಒಂದು ಭಾನುವಾರ ಅಕ್ಕ ಪುಸ್ತಕ ಹಿಡಿದು ಚಾವಡಿಯ ಆ ಬೆಳಕಿನಲ್ಲೇ ಕುಳಿತಳು. ಎರಡು ಲೆಕ್ಕ ಮಾಡಿದ್ದಳೋ ಇಲ್ಲವೋ, ಯಾರೋ ಬಂದರು. "ಒಳಗೆ ಹೋಗು ಮಗಾ. ಬಂದವರಿಗೆ ಬೆಲ್ಲ ನೀರು ತಾ," ಎಂದರು ಅಪ್ಪ. ಅವಳು ಪುಸ್ತಕ ಮಡಚಿ ಒಳಗೆ ಹೋದಳು, ಬೆಲ್ಲ ನೀರು ತಂದಿಟ್ಟಳು. ಆಮೇಲೆ ಅವಳು ಓದಲು ಚಾವಡಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಪರೀಕ್ಷೆಯಲ್ಲಿ ಅಕ್ಕ ಲೆಕ್ಕಕ್ಕೆ ಫೇಲಾದಳು. ಉಳಿದ ಎಲ್ಲದರಲ್ಲೂ ಪಾಸು. ಶಾಲೆಯ ಮಾಸ್ತರು ಬಿಸಿಲಲ್ಲಿ ನಡೆದುಕೊಂಡು ನಮ್ಮ ಮನೆಗೆ ಬಂದು, ಆ ಬೆತ್ತದ ಕುರ್ಚಿಯಲ್ಲಿ ಕುಳಿತು ಅಪ್ಪನನ್ನು ಬೇಡಿಕೊಂಡರು. "ಹುಡುಗಿ ಚುರುಕು ಉಂಟು. ಇನ್ನೊಂದು ಸಲ ಕೂರಿಸಿ. ನಾನೇ ಹೇಳಿಕೊಡ್ತೇನೆ." ಅಪ್ಪ ತಲೆಯಾಡಿಸಿದರು. "ಮಾಸ್ಟ್ರೇ, ನಾನು ಮೊದಲೇ ಹೇಳಿದ್ದೆ. ಮಾತು ಅಂದರೆ ಮಾತು." ಹಂಚಿನ ಮಾತು ಮರೆತ ಅಪ್ಪನಿಗೆ ಈ ಮಾತು ಮಾತ್ರ ಸರಿಯಾಗಿ ನೆನಪಿತ್ತು. ಅಪ್ಪ ಕೆಟ್ಟವರಲ್ಲ ಮಕ್ಕಳೇ, ನನ್ನನ್ನು ಹೆಗಲ ಮೇಲೆ ಕೂರಿಸಿ ಗದ್ದೆ ಸುತ್ತಿಸಿದವರು. ಆದರೂ ಇದೊಂದನ್ನು ನಾನು ಕ್ಷಮಿಸಿಲ್ಲ.

ಅಕ್ಕನನ್ನು ಬೆಳ್ತಂಗಡಿಯ ಆಚೆ ಒಂದು ಗುಡ್ಡದ ಊರಿಗೆ ಮದುವೆ ಮಾಡಿ ಕೊಟ್ಟರು. ಅಲ್ಲಿಯೂ ಒಂದು ಒಲೆ, ಅಲ್ಲಿಯೂ ಒಂದು ಕತ್ತಲೆಯ ಕೋಣೆ. ಅವಳು ಯಾರಿಗೂ ಟೀಚರ್ ಆಗಲಿಲ್ಲ. ಅವಳ ಕಾಲ ಮುಗಿಯುವ ತನಕ ಅಪ್ಪನನ್ನು ಒಂದು ಮಾತು ದೂರಲೂ ಇಲ್ಲ.

ಇನ್ನು ನಿಮ್ಮ ಲೋಕ. ಹೋದ ತಿಂಗಳು ಮೂಡುಬಿದಿರೆಯ ಆ ದೊಡ್ಡ ಅಂಗಡಿಗೆ ನಾವೆಲ್ಲ ಹೋದೆವಲ್ಲ, ನಮ್ಮ ಮನೆಯನ್ನು ಹೊಸದು ಮಾಡಿಸಲು. ಎಸಿ ಗಾಳಿ, ಹೊಸ ಪೇಂಟಿನ ವಾಸನೆ, ಮುಖ ಕಾಣುವಂಥ ಟೈಲ್ಸ್. ನಾನು ನನಗೆ ತಿಳಿದದ್ದನ್ನು ಹೇಳಿದೆ. ಟೈಲ್ಸಿಗೆ ನೀರು ಚೆಲ್ಲಿ ಬರಿಗಾಲಲ್ಲಿ ನಿಂತು ನೋಡಿ, ಜಾರಿದರೆ ಬಚ್ಚಲಿಗೆ ಬೇಡ. ನಾಲ್ಕು ಹೆಚ್ಚಿಗೆ ತಂದಿಡಿ, ಮುಂದೆ ಒಡೆದರೆ ಅದೇ ಬಣ್ಣ ಸಿಕ್ಕುವುದಿಲ್ಲ. ಪೇಂಟನ್ನು ಅಂಗಡಿಯ ದೀಪದಲ್ಲಿ ಆರಿಸಬೇಡಿ, ನಮ್ಮ ಗೋಡೆಗೇ ಸ್ವಲ್ಪ ಹಚ್ಚಿ ಬೆಳಗ್ಗೆಯೂ ಸಂಜೆಯೂ ನೋಡಿ. ಗೋಡೆಗೆ ತೇವವಿದ್ದರೆ ಮೊದಲು ಅದನ್ನು ನಿಲ್ಲಿಸಿ, ಬಣ್ಣ ಆಮೇಲೆ. ನಿಮ್ಮ ಅಪ್ಪ ಎಲ್ಲವನ್ನೂ ಕೇಳಿದ. ನನ್ನ ಮಗ ನನ್ನ ಮಾತು ತೆಗೆದುಹಾಕುವವನಲ್ಲ.

ಆಮೇಲೆ ಡಿಸೈನ್ ಮಾಡುವ ಹುಡುಗ ಕಂಪ್ಯೂಟರಿನಲ್ಲಿ ನಮ್ಮ ಹಾಲ್ ತೋರಿಸಿದ. ಫಾಲ್ಸ್ ಸೀಲಿಂಗು, ಬಣ್ಣ ಬದಲಿಸುವ ದೀಪಗಳು, ಟಿವಿಯ ಹಿಂದೆ ಮರದ ಪಟ್ಟಿಗಳು. ಪೂರ್ವದ ಕಿಟಕಿಯ ಬುಡದಲ್ಲಿ ನಿಮ್ಮಲ್ಲಿ ದೊಡ್ಡವಳ ಓದುವ ಮೇಜು ಇರಬೇಕಿತ್ತು. ತನಗೆ ಅಲ್ಲೇ ಬೇಕೆಂದು ಅವಳು ಮೊದಲೇ ಕೇಳಿದ್ದಳು. ಚಿತ್ರದಲ್ಲಿ ಅಲ್ಲಿ ಒಂದು ದೊಡ್ಡ ಕುಂಡ, ಅದರಲ್ಲಿ ಪ್ಲಾಸ್ಟಿಕ್ ಗಿಡ. ಅಯ್ಯೋ ದೇವರೇ, ಪ್ಲಾಸ್ಟಿಕ್ ಗಿಡಕ್ಕೆ ಬಿಸಿಲು ಯಾಕೆ? "ಪುಸ್ತಕ ಹರಡಿದ್ದರೆ ಹಾಲಿನ ಲುಕ್ ಹಾಳಾಗ್ತದೆ ಸಾರ್," ಎಂದ ಹುಡುಗ. "ಅವಳಿಗೆ ಮೆಟ್ಟಿಲಿನ ಕೆಳಗೆ ಮಾಡಿಕೊಡುವ, ಒಳ್ಳೆ ಲೈಟ್ ಹಾಕುವ," ಎಂದ ನಿಮ್ಮ ಅಪ್ಪ. ಹಾಕಿಸುತ್ತಾನೆ, ಅನುಮಾನವಿಲ್ಲ. ಅಕ್ಕನಿಗೆ ಹೋಲಿಸಿದರೆ ನೀವು ರಾಜಕುಮಾರಿಯರು. ಕೈ ಮಸಿಯಾಗುವುದಿಲ್ಲ, ಹಾಳೆ ಸುಡುವುದಿಲ್ಲ, ಬೆಲ್ಲ ನೀರು ತಾ ಎಂದು ಯಾರೂ ಎಬ್ಬಿಸುವುದಿಲ್ಲ.

ಆದರೂ ದೊಡ್ಡವಳೇ, ನೀನು ಅಲ್ಲಿ "ಸರಿ ಅಪ್ಪ" ಎಂದೆಯಲ್ಲ, ಅಷ್ಟು ಮೆತ್ತಗೆ, ಅದನ್ನು ಕೇಳಿದಾಗಿನಿಂದ ನನಗೆ ಊಟ ರುಚಿಸಿಲ್ಲ. ನಾಳೆ ಬಡಗಿ ಬರುತ್ತಾನಂತೆ. ನಾನು ನಿನ್ನ ಪರವಾಗಿ ಹೇಳಬಲ್ಲೆ, ಹೇಳುತ್ತೇನೆ ಕೂಡ. ಆದರೆ ನೀನೇ ಹೇಳಬೇಕು. ಒಂದು ಸಲಕ್ಕೆ ಕೇಳದಿದ್ದರೆ ಇನ್ನೊಂದು ಸಲ ಹೇಳು, ಜೋರಾಗಿ ಹೇಳು, ಬೇಕಾದರೆ ಊಟ ಬಿಟ್ಟು ಕೂರು. ಎದುರು ಮಾತಾಡದ ಹುಡುಗಿ, ಎಷ್ಟು ಒಳ್ಳೆಯವಳು ಎಂದು ನನ್ನ ಅಕ್ಕನನ್ನು ಊರಿಗೆ ಊರೇ ಹೊಗಳಿತ್ತು. ಅವಳ ಜೀವಮಾನದಲ್ಲಿ ಅವಳಿಗೆ ಸಿಕ್ಕಿದ್ದು ಆ ಹೊಗಳಿಕೆ ಒಂದೇ. ನೀನು ಅಷ್ಟು ಒಳ್ಳೆಯವಳಾಗಬೇಡ ಮಗಾ.