ಪರೀಕ್ಷೆಯ ಕೋಣೆಯಲ್ಲಿ ಮಗ್ಗ

ಹೊರದೇಶದಲ್ಲಿ ಓದಲು ಅರ್ಜಿ ಹಾಕಬೇಕೆಂದರೆ ಮೊದಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ನಾನಿರುವ ವಿದ್ಯಾಗಿರಿಯ ಕಾಲೇಜು ಹಾಸ್ಟೆಲಿನಲ್ಲಿ ಗದ್ದಲವೆಂದು ನಾನು ಗುಳೇದಗುಡ್ಡದ ನಮ್ಮ ಮನೆಯಲ್ಲೇ ಆನ್‌ಲೈನ್ ಪರೀಕ್ಷೆಗೆ ಕೂತೆ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂಬುದು ನಿಯಮ. ರವಿಕೆಯ ಖಣ ನೇಯುತ್ತಿದ್ದ ಅವ್ವನನ್ನು ಮಗ್ಗದಿಂದ ಎಬ್ಬಿಸಿ ಹೊರಗಿನ ಕಟ್ಟೆಗೆ ಕಳಿಸಿದೆ.

ಕ್ಯಾಮೆರಾದ ಆಚೆ ಎಲ್ಲೋ ಕೂತಿದ್ದ ಮೇಲ್ವಿಚಾರಕ ಲ್ಯಾಪ್‌ಟಾಪ್ ತಿರುಗಿಸಿ ಕೋಣೆ ತೋರಿಸಲು ಹೇಳಿದ.

“ಅದು ಯಾವ ಯಂತ್ರ? ಹೊರಗೆ ಹಾಕಿ,” ಎಂದ ಇಂಗ್ಲಿಷಿನಲ್ಲಿ.

“ಮಗ್ಗ ಸರ್. ನೆಲದಲ್ಲಿ ಹೂತಿದೆ, ಎತ್ತಲು ಬರುವುದಿಲ್ಲ.”

“ಹಾಗಾದರೆ ಬಟ್ಟೆ ಹೊದಿಸಿ.”

ಅರ್ಧ ನೇಯ್ದ ಖಣದ ಮೇಲೆ ಚಾದರ ಹೊದಿಸಿದೆ. ಅವನು ಅಷ್ಟಕ್ಕೇ ಬಿಡಲಿಲ್ಲ. ಮಗ್ಗದ ಕೆಳಗಿನ ಕುಣಿಯಲ್ಲಿ ಯಾರಾದರೂ ಅಡಗಿದ್ದಾರೆಯೇ ಎಂದ. ಅವ್ವ ಕಾಲು ಇಳಿಬಿಟ್ಟು ಕೂರುವ ಕುಣಿ ಅದು. ಲ್ಯಾಪ್‌ಟಾಪನ್ನು ಅದರೊಳಗೂ ಇಳಿಸಿ ತೋರಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗ ಖಟಖಟ ಶುರುವಾಯಿತು.

“ಯಾರು ಬಾಗಿಲು ಬಡಿಯುತ್ತಿರುವುದು?”

ನನ್ನ ತಾಳ್ಮೆ ಮುಗಿಯಿತು. “ಯಾರೂ ಬಡಿಯುತ್ತಿಲ್ಲ ಸರ್! ನಮ್ಮ ಓಣಿಗೆ ಓಣಿಯೇ ನೇಯುತ್ತಿದೆ. ಇದೇ ನಮ್ಮ ಹೊಟ್ಟೆಪಾಡು!” ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲೇ ಹೇಳಿಬಿಟ್ಟೆ. ಇನ್ನು ಪರೀಕ್ಷೆ ರದ್ದು ಎಂದುಕೊಂಡೆ.

ಅವನು ರದ್ದು ಮಾಡಲಿಲ್ಲ. “ನಿಮ್ಮ ಇಂಗ್ಲಿಷ್ ಚೆನ್ನಾಗಿದೆ. ಶುರು ಮಾಡಿ,” ಎಂದ.

ಪರೀಕ್ಷೆ ಮುಗಿಸಿ ಬಾಗಿಲು ತೆರೆದರೆ ಅವ್ವ ಬಿಸಿಲಿಗೆ ಸೆರಗು ಹೊದ್ದು ಕೂತಿದ್ದಳು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ.

“ಅಲ್ಲ ಮಗಳ, ಅಂವ ನಿನ್ನ ಪರೀಕ್ಷಾ ಮಾಡಾಕ ಬಂದಿದ್ನೋ, ನಮ್ಮ ಮನಿ ಹುಡುಕಿ ಝಡತಿ ಮಾಡಾಕ ಬಂದಿದ್ನೋ?”

ಅಂಕ ಸಾಕಷ್ಟು ಬಂದವು, ಅರ್ಜಿಯೂ ಹೋಯಿತು. ಇನ್ನು ವೀಸಾದವರ ಪ್ರಶ್ನೆಗಳು ಬಾಕಿ ಇವೆ. ಅವರ ವಿಷಯ ಅವ್ವನಿಗೆ ನಾನಿನ್ನೂ ಹೇಳಿಲ್ಲ.