ಗೆರ್ಡಾಳ ಕೂಗಿಗೆ ಕೆಳಗಿಳಿದ ದೋಣಿ

ಟ್ರೇಲರ್ ಮೇಲೆ ಕೂತ ದೋಣಿಯ ತಳಕ್ಕೆ ಪೂರ್ತಿ ಬಣ್ಣ ಬಳಿಯಲು ಯಾರಿಂದಲೂ ಆಗುವುದಿಲ್ಲ. ಅದರ ಭಾರ ಹೊತ್ತ ಎರಡು ಮೆತ್ತೆಗಳ ಜಾಗಕ್ಕೆ ಬ್ರಷ್ ಹೋಗುವುದಿಲ್ಲ. ಡೆನ್ಮಾರ್ಕಿನ ನಮ್ಮ ಈ ಪುಟ್ಟ ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ವಸಂತದಲ್ಲಿ ಮೆತ್ತೆಯ ಸುತ್ತ ಬಳಿದು, ಕೈ ಒರೆಸಿಕೊಂಡು, ಕಾಫಿಗೆ ಹೋಗುತ್ತೇವೆ. ಏಕೆಂದರೆ ದೋಣಿಯನ್ನು ಕೆಳಗಿಳಿಸಲು ನಾಲ್ಕು ಜನ ಬೇಕು, ಜನ ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಕೇಳುವುದೆಂದರೆ ನಮಗೆ ಹಲ್ಲು ಕೀಳಿಸಿಕೊಂಡ ಹಾಗೆ.

ಹೀಗೆ ಕೇಳದೇ ಇರುವುದರಲ್ಲಿ ಬೋದಿಲ್ ಎಲ್ಲರಿಗಿಂತ ಮುಂದು. ಊರಿನ ಬಸ್ಸು ಓಡಿಸಿ ನಿವೃತ್ತಳಾದವಳು. ಒಮ್ಮೆ ಹಿಮದಲ್ಲಿ ಬಸ್ಸು ಹೂತುಹೋದಾಗ, ಪ್ರಯಾಣಿಕರೆಲ್ಲ ಬೆಚ್ಚಗೆ ಕೂತಿರಲಿ ಎಂದು ಒಬ್ಬಳೇ ಸಲಿಕೆ ಹಿಡಿದು ಇಳಿದವಳು. ಈಗ ಅವಳೊಡನೆ ಇರುವವಳು ಅಕ್ಕ ಗೆರ್ಡಾ. ಪಾರ್ಶ್ವವಾಯು ಬಡಿದ ಮೇಲೆ ಗೆರ್ಡಾಳ ಎಡಗಡೆ ಸ್ವಾಧೀನದಲ್ಲಿಲ್ಲ. ಮನೆಯಲ್ಲಿ ಅವಳನ್ನು ಎತ್ತಬೇಕು, ತಿರುಗಿಸಬೇಕು, ಗಾಲಿಕುರ್ಚಿಯಲ್ಲಿ ತಳ್ಳಬೇಕು. ಅವರ ಹಾಯಿದೋಣಿಯಲ್ಲಿ ಮಾತ್ರ ಚುಕ್ಕಾಣಿ ಅವಳ ಬಲಗೈಯಲ್ಲಿ. ಅಲ್ಲಿ ಅವಳು ಹೇಳಿದ ಕಡೆಗೆ ತಂಗಿ ಹೋಗಬೇಕು.

ಕಳೆದ ಶರತ್ಕಾಲದಲ್ಲಿ ಆ ಮರದ ದೋಣಿಯೊಳಗೆ ನೀರು ಜಿನುಗತೊಡಗಿತು. ಮೆತ್ತೆಯಡಿ ತೇವ ನಿಂತು ಹಲಗೆ ಕೊಳೆತಿದೆಯೆಂದು ಬೋದಿಲಳಿಗೆ ಅನುಮಾನ. ಮೇ ತಿಂಗಳಲ್ಲಿ ಬಂದರಿನ ಬಾವುಟ ಏರಿಸಿ ದೋಣಿಗಳನ್ನೆಲ್ಲ ನೀರಿಗಿಳಿಸುವ ದಿನದೊಳಗೆ ಅದು ಸರಿಹೋಗದಿದ್ದರೆ, ಗೆರ್ಡಾಳಿಗೆ ಈ ಬೇಸಿಗೆ ಪೂರ್ತಿ ಕಿಟಕಿಯೇ ಗತಿ.

ಏಪ್ರಿಲ್ಲಿನ ಒಂದು ಶನಿವಾರ ಬೆಳಿಗ್ಗೆ ಬಂದರಿನ ಅಂಗಳದಲ್ಲಿ ಬೋದಿಲ್ ಒಬ್ಬಳೇ ಕೆಲಸಕ್ಕಿಳಿದಳು. ಟ್ರೇಲರಿನ ಮೂತಿ ಮೇಲೆತ್ತಿದಳು. ದೋಣಿಯ ಹಿಂಭಾಗ ತಗ್ಗಿತು. ಅದರಡಿ ಮರದ ತುಂಡುಗಳನ್ನು ಪೇರಿಸಿ ಅಡ್ಡತೊಲೆ ಇಟ್ಟು, ಮೂತಿಯನ್ನು ಇಳಿಸಿದಳು. ಹಿಂಭಾಗ ತೊಲೆಯ ಮೇಲೆ ಕೂತಿತು.

ಗೆರ್ಡಾ ಕುರ್ಚಿಯಿಂದ ನೋಡುತ್ತಿದ್ದಳು. "ಯಾರನ್ನಾದ್ರೂ ಕರಿಯೇ."

"ಅವ್ರಿಗೂ ಅವರವರ ಕೆಲ್ಸ ಇರುತ್ತೆ, ಅಕ್ಕ."

"ಕೆಲ್ಸ! ಆ ಎಯ್ನಾರ್ ಬೆಳಗ್ಗಿಂದ ಒಂದೇ ಹಗ್ಗಾನ ಸುತ್ತೋದು, ಬಿಚ್ಚೋದು, ಸುತ್ತೋದು ಮಾಡ್ತಿದಾನೆ."

ನಿಜ. ಎಯ್ನಾರ್ ದೋಣಿ ರಿಪೇರಿಯಲ್ಲಿ ಪಳಗಿದವನು. ಅವನ ಪಕ್ಕದಲ್ಲಿ ಪ್ರೆಬೆನ್, ಇನ್ನಿಬ್ಬರು. ಎಲ್ಲರ ಬೆನ್ನೂ ಈ ಕಡೆಗೆ, ಕಿವಿಯೂ ಈ ಕಡೆಗೆ. ಬೇಕಾದರೆ ಅವಳೇ ಕೇಳುತ್ತಾಳೆ, ಕೇಳುವ ಮೊದಲೇ ನಾವಾಗಿ ಹೋದರೆ ಅವಳಿಗೆ ಅವಮಾನ ಮಾಡಿದಂತಾಗುತ್ತದೆ: ಇದು ನಮ್ಮೂರಿನ ಸಭ್ಯತೆ. ಮಣ್ಣಂಗಟ್ಟಿ ಸಭ್ಯತೆ! ಎಪ್ಪತ್ತು ದಾಟಿದ ಹೆಂಗಸು ಮಂಡಿಯೂರಿ ತೊಲೆ ಎಳೆಯುವಾಗ ಬೆನ್ನು ತೋರಿಸಿ ನಿಲ್ಲುವುದಕ್ಕೆ ನಾವು ಗೌರವ ಎಂದು ಹೆಸರಿಟ್ಟುಕೊಂಡಿದ್ದೇವೆ.

ಬೋದಿಲ್ ಜ್ಯಾಕ್ ಹಾಕಿ ಮುಂಭಾಗ ಎತ್ತಿದಳು. ಮೆತ್ತೆಗಳಿಂದ ತಳ ಬಿಟ್ಟುಕೊಂಡದ್ದೇ ತಡ, ದೋಣಿ ನಿಧಾನವಾಗಿ ಅವಳ ಕಡೆಗೆ ವಾಲಿತು. ಅವಳು ಹೆಗಲು ಕೊಟ್ಟಳು. ಇನ್ನು ಅವಳು ಅಲುಗಾಡುವ ಹಾಗಿಲ್ಲ. ಮುಖ ಕೆಂಪಗಾಯಿತು. ಆಗಲೂ ಬಾಯಿ ಬಿಡಲಿಲ್ಲ ಆ ಮಹಾತಾಯಿ.

ಬಾಯಿ ಬಿಟ್ಟವಳು ಗೆರ್ಡಾ.

"ಲೋ ಎಯ್ನಾರ್! ಆ ಹಗ್ಗಾನೇ ಮದ್ವೆ ಆಗ್ತೀಯೇನೋ? ಬಾರೋ ಇಲ್ಲಿ! ಪ್ರೆಬೆನ್, ನೀನೂ! ನನ್ ತಂಗಿ ಅಪ್ಪಚ್ಚಿ ಆಗ್ತಾ ಇದಾಳೆ, ನೀವು ಮರ್ಯಾದೆ ನೋಡ್ತಾ ನಿಂತಿದೀರಾ?"

ನಾಲ್ವರೂ ಓಡಿಬಂದರು. ಎಷ್ಟೋ ಹೊತ್ತಿನಿಂದ ಓಡಲು ಕಾದಿದ್ದವರ ಓಟ ಅದು. ಎಯ್ನಾರ್ ಹೆಗಲು ಕೊಟ್ಟು, ದೋಣಿ ನೆಟ್ಟಗಾದ ಮೇಲೆ ಕೇಳಿದ, "ಒಂದ್ ಮಾತು ಕೇಳ್ಬಾರ್ದಿತ್ತಾ?"

"ನೀನು ಬರ್ಬಾರ್ದಿತ್ತಾ?" ಬೋದಿಲ್ ಏದುಸಿರು ಬಿಡುತ್ತ ಅಂದಳು.

"ಬೇಜಾರ್ ಮಾಡ್ಕೋತೀಯೇನೋ ಅಂತ..."

ಇಬ್ಬರು ಎರಡೂ ಬದಿಗೆ ಆನಿಸಿ ಹಿಡಿದರು. ಪ್ರೆಬೆನ್ ಮುಂಭಾಗದಡಿ ಮರದ ತುಂಡುಗಳನ್ನು ಪೇರಿಸಿದ, ಬದಿಗಳಿಗೆ ಆಸರೆಗೋಲು ಕೊಟ್ಟರು, ಟ್ರೇಲರನ್ನು ಎಳೆದು ತೆಗೆದರು. ಮೆತ್ತೆಯಿದ್ದ ಜಾಗ ಬೋಳಾಗಿ, ಕಪ್ಪಗೆ ಕಂಡಿತು. ಬೋದಿಲ್ ಹಳೆ ಬಣ್ಣ ಕೆರೆಯುವ ತಗಡನ್ನು ಅಲ್ಲಿ ಒತ್ತಿದಳು. ಅದು ಬ್ರೆಡ್ಡಿಗೆ ಇಳಿದಂತೆ ಒಳಗೆ ಇಳಿಯಿತು. ಅವಳು ಅಕ್ಕನ ಮುಖ ನೋಡಲಿಲ್ಲ.

ಎಯ್ನಾರ್ ಬೆರಳಿನಿಂದ ಉದ್ದಕ್ಕೂ ತಟ್ಟುತ್ತಾ ಹೋದ. "ಒಂದೇ ಹಲಗೆ. ಅಕ್ಕಪಕ್ಕ ಗಟ್ಟಿಯಾಗಿದೆ. ಮರ ನನ್ ಶೆಡ್ಡಲ್ಲಿದೆ."

"ಬಾವುಟದ ದಿನಕ್ಕೆ ಆಗುತ್ತಾ?" ಗೆರ್ಡಾಳ ದನಿ ಈಗ ಸಣ್ಣದಾಗಿತ್ತು.

"ನೀನು ಪಕ್ಕದಲ್ಲಿ ಕೂತು ಬೈತಾ ಇದ್ರೆ ಆಗುತ್ತೆ."

ಅವಳು ದಿನವೂ ಬಂದು ಬೈದಳು. ಹೊಸ ಹಲಗೆ ಕೂತ ಮೇಲೆ ತಳಕ್ಕೆ ಬಣ್ಣ ಬಳಿಯಲು ಎಲ್ಲರೂ ಬಗ್ಗಿ, ಸೊಂಟ ಹಿಡಿದುಕೊಂಡು ನರಳುತ್ತಿದ್ದರೆ, ಪ್ರೆಬೆನ್ ಗಾಲಿಕುರ್ಚಿಯನ್ನು ದೋಣಿಯ ಮಗ್ಗುಲಿಗೇ ತಳ್ಳಿದ. ಕೂತವಳ ಕೈಗೆ ಸರಿಯಾದ ಎತ್ತರ. ಹೊಸ ಹಲಗೆಗೆ ಬಣ್ಣ ಕೊಟ್ಟವಳು ಗೆರ್ಡಾ. ಬೋದಿಲ್ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅಕ್ಕನ ಗಲ್ಲಕ್ಕೆ ಸಿಡಿದ ಕೆಂಪು ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದಳು. ಒರೆಸಿದ ಮೇಲೂ ಆ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

ಬಾವುಟ ಏರಿದ ದಿನ ದೋಣಿ ನೀರಿಗಿಳಿಯಿತು. ಒಳಗೆ ಒಂದು ಹನಿಯೂ ಬರಲಿಲ್ಲ. "ಬೋದಿಲ್, ಹಾಯಿ ಎಳಿಯೇ, ನಿದ್ದೆ ಮಾಡ್ತಿದೀಯಾ?" ಎಂಬ ಗೆರ್ಡಾಳ ಕೂಗು ದಡದ ತನಕ ಕೇಳಿಸಿತು.

ಅಂದು ಅವಳು ಕಿರುಚದೆ ಇದ್ದಿದ್ದರೆ? ಎಲ್ಲರ ಮನೆಯಲ್ಲೂ ಕಿರುಚಲು ಒಬ್ಬ ಅಕ್ಕ ಇರುವುದಿಲ್ಲ. ನಿಮ್ಮ ಪಕ್ಕದ ಅಂಗಳದಲ್ಲಿ ಯಾರೋ ಒಬ್ಬರೇ ಏನನ್ನೋ ಎತ್ತುತ್ತಿದ್ದಾರೆ, ನೀವು ನೋಡಿದ್ದೀರಿ, ನೋಡದವರಂತೆ ತಿರುಗಿದ್ದೀರಿ. ಅವರು ಕೇಳುವುದಿಲ್ಲ. ಕೈಲಿರುವ ಈ ಪತ್ರಿಕೆ ಮಡಚಿಡಿ, ಎದ್ದು ಹೋಗಿ, ಹೆಗಲು ಕೊಡಿ.